ಒಂದೇ ಬಣ್ಣದ ಎರಡು ಬೆಸುಗೆ ಕಡ್ಡಿ

ಪಾಪಿರೆಡ್ಡಿಪಟ್ಟಿಯ ಬಸ್ ಸ್ಟ್ಯಾಂಡಿನ ಹಿಂದೆ, ತಗಡಿನ ಒಂದು ಶೆಡ್ಡಿನಲ್ಲಿ, ನಾನೂ ನನ್ನ ಹೆಂಡತಿಯ ಅಣ್ಣನೂ ಸೇರಿ ಕೆಲವು ವರ್ಷ ವೆಲ್ಡಿಂಗ್ ಅಂಗಡಿ ನಡೆಸಿದೆವು. ತೊಂಬತ್ತರ ದಶಕದ ಮಾತು. ಇವರಿಬ್ಬರೂ ವರ್ಷ ತುಂಬುವುದರೊಳಗೆ ಕಿತ್ತಾಡಿಕೊಳ್ಳುತ್ತಾರೆ ಎಂದು ಊರಿನಲ್ಲಿ ಕೆಲವರು ಕಾದಿದ್ದರು. ನಾವು ಅವರನ್ನು ನಿರಾಸೆಗೊಳಿಸಲಿಲ್ಲ. ಆದರೆ ಅವರು ಊಹಿಸಿದ ಯಾವ ಕಾರಣಕ್ಕೂ ಕಿತ್ತಾಡಲಿಲ್ಲ. ನಮ್ಮ ಜಗಳವೆಲ್ಲ ಮೊಳಕ್ಕಿಂತ ಗಿಡ್ಡವಾದ, ಬೂದು ಬಣ್ಣದ ಎರಡು ಬಗೆಯ ಕಡ್ಡಿಗಳ ಬಗ್ಗೆ.

ನಾನು ಸೇಲಂ ಪಟ್ಟಣದ ಮಗ್ಗದ ಮನೆಯವನು. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು, ಎರಡಕ್ಕೂ ಹಿನ್ನೆಲೆಯಾಗಿ ಹಗಲೆಲ್ಲ ಮಗ್ಗದ ಸದ್ದು. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಅರ್ಧ ಗಂಟೆಯಲ್ಲಿ ನನ್ನ ಕಾಲಿಗೆ ಜೋಮು ಹಿಡಿಯುತ್ತಿತ್ತು. ಇದು ಸೋಮಾರಿತನಕ್ಕೆ ಬರುವ ಜೋಮು ಎಂದು ನಮ್ಮ ದೊಡ್ಡಮ್ಮ ತೀರ್ಪು ಕೊಟ್ಟಿದ್ದಳು. ನಮ್ಮ ಮನೆಯ ಮಗ್ಗಗಳೆಲ್ಲ ಅವಳ ಮಾತಿನ ಮೇಲೆ ಓಡುತ್ತಿದ್ದವು. ಹಾಗಾಗಿ ನಾನು ಲಾರಿ ಬಾಡಿ ಕಟ್ಟುವ ಕಾರ್ಖಾನೆಯೊಂದಕ್ಕೆ ಸೇರಿ ವೆಲ್ಡಿಂಗ್ ಕಲಿತೆ. ಅದನ್ನು ನಿಂತುಕೊಂಡು ಮಾಡಬಹುದು ಎಂಬುದೇ ನನಗೆ ಅದರಲ್ಲಿ ಕಂಡ ಮೊದಲ ಗುಣ. ಆಮೇಲೆ ಮದುವೆಯಾಯಿತು. ಹೆಂಡತಿ ಪಾಪಿರೆಡ್ಡಿಪಟ್ಟಿ ಕಡೆಯ ಬೇಸಾಯದ ಮನೆಯವಳು. ಅವಳ ಊರಿನ ಕಡೆ ವೆಲ್ಡರುಗಳು ಕಡಿಮೆ ಎಂದು ತಿಳಿದು ಇಲ್ಲಿಗೇ ಬಂದು ನಿಂತೆ.

ಅವಳ ಅಣ್ಣನನ್ನು ನಾನು ಭಾವ ಎನ್ನುತ್ತಿದ್ದೆ. ಅವರು ನನ್ನನ್ನು ತಮಿಳರಂತೆ ಮಾಪ್ಳೆ ಎನ್ನುತ್ತಿದ್ದರು. ಹೊಲದ ಕೆಲಸ ಮುಗಿಸಿ ಬಂದು ಶೆಡ್ಡಿನಲ್ಲಿ ಕಬ್ಬಿಣ ಕತ್ತರಿಸುವುದು, ಅರ ಹಾಕಿ ಉಜ್ಜುವುದು, ಬಣ್ಣ ಬಳಿಯುವುದು ಅವರ ಪಾಲಿನ ಕೆಲಸ. ಇವೆಲ್ಲಕ್ಕಿಂತ ಮುಖ್ಯವಾಗಿ, ಗಿರಾಕಿಗಳ ಜೊತೆ ಮಾತಾಡುವುದು ಅವರ ಕೆಲಸ. ನನಗೆ ಮಾತು ಬಾರದು. ಅವರಿಗೆ ಅದೊಂದು ಬಿಟ್ಟು ಬೇರೇನೂ ಬೇಡ. ಮಾಮೂಲಿಗೆ ನನ್ನನ್ನು ನೀನು ಎನ್ನುತ್ತಿದ್ದರು. ಬಹುವಚನ ಹಚ್ಚಿದರೆಂದರೆ ಏನೋ ಮಾಡಿಕೊಂಡು ಬಂದಿದ್ದಾರೆ ಎಂದು ಅರ್ಥ.

ಒಂದು ದಿನ ಅವರು ಸೇಲಂನಿಂದ ದೊಡ್ಡದೊಂದು ಪೆಟ್ಟಿಗೆ ಹೊತ್ತು ಬಸ್ಸಿಳಿದು, "ಮಾಪ್ಳೆ, ನೀವು ಒಸಿ ಇಲ್ಲಿ ಬರ್ರಿ" ಎಂದರು.

ಪೆಟ್ಟಿಗೆಯಲ್ಲಿ ವೆಲ್ಡಿಂಗ್ ಕಡ್ಡಿಗಳಿದ್ದವು. ವೆಲ್ಡಿಂಗ್ ಕಡ್ಡಿ ಎಂದರೆ ಒಂದು ಉಕ್ಕಿನ ತಂತಿ, ಅದರ ಮೇಲೆ ಬೂದು ಲೇಪ. ಕಬ್ಬಿಣಕ್ಕೆ ಗೀರಿದರೆ ಕಿಡಿ ಹತ್ತುತ್ತದೆ, ತಂತಿ ಕರಗಿ ಬೆಸುಗೆಯಾಗುತ್ತದೆ, ಲೇಪ ಉರಿದು ಮೇಲೆ ಕಿಟ್ಟವಾಗಿ ಕೂರುತ್ತದೆ. ನಾನು ಕಲಿತದ್ದೂ ಬಳಸುತ್ತಿದ್ದದ್ದೂ ಅರವತ್ತು ಹದಿಮೂರು ಎಂಬ ನಂಬರಿನ ಕಡ್ಡಿ. ಅದು ಒಳ್ಳೆಯ ಸ್ವಭಾವದ್ದು. ಗೀರಿದ ಕೂಡಲೇ ಹತ್ತಿಕೊಳ್ಳುತ್ತದೆ, ತೆಳು ತಗಡನ್ನು ತೂತು ಮಾಡುವುದಿಲ್ಲ, ಕಬ್ಬಿಣದ ಮೇಲೆ ಕೊಂಚ ತುಕ್ಕಿದ್ದರೂ ಸಹಿಸಿಕೊಳ್ಳುತ್ತದೆ. ಭಾವ ತಂದದ್ದು ಎಪ್ಪತ್ತು ಹದಿನೆಂಟು. ನೋಡಲು ಎರಡೂ ಒಂದೇ, ಅದೇ ಉದ್ದ, ಅದೇ ಬೂದು. ಆದರೆ ಇದು ಭಾರ ಹೊರುವ ದಪ್ಪ ಕಬ್ಬಿಣಕ್ಕೆ ಮಾಡಿದ ಕಡ್ಡಿ. ಅದಕ್ಕೆ ಲೇಪ ಒಣಗಿರಬೇಕು, ಕಬ್ಬಿಣ ಶುಚಿಯಾಗಿರಬೇಕು, ಕರೆಂಟು ಗಟ್ಟಿಯಾಗಿರಬೇಕು. ಮೂರರಲ್ಲಿ ಒಂದು ಕಡಿಮೆಯಾದರೂ ಮದುವೆ ಮನೆಗೆ ಬಂದ ಹಿರಿಯ ನೆಂಟನ ಹಾಗೆ ಮುನಿಸಿಕೊಳ್ಳುತ್ತದೆ.

ಹಾರ್ಡ್‌ವೇರ್ ಅಂಗಡಿಯವನು, ಬಾಯ್ಲರಿಗೂ ಹಡಗಿಗೂ ಇದನ್ನೇ ಹಾಕುವುದು ಎಂದು ಹೇಳಿದ್ದನಂತೆ. ಪಾಪಿರೆಡ್ಡಿಪಟ್ಟಿಗೆ ಹಡಗು ಯಾವತ್ತು ರಿಪೇರಿಗೆ ಬರುತ್ತದೆ ಎಂದು ನಾನು ಕೇಳಿದೆ. ಭಾವ ಪೆಟ್ಟಿಗೆಯ ಮೇಲಿನ ಅಂಕಿಯನ್ನು ಬೆರಳಿನಿಂದ ಕುಟ್ಟಿ ತೋರಿಸಿದರು.

"ನೀನೇ ಏಳು. ಅರವತ್ತು ದೊಡ್ದಾ, ಎಪ್ಪತ್ತು ದೊಡ್ದಾ? ಭತ್ತದಾಗೆ ಐಆರ್ ಎಂಟು ಬಂತು, ಆಮ್ಯಾಕೆ ಐಆರ್ ಇಪ್ಪತ್ತು ಬಂತು. ಈಗ ಯಾರಾನ ಎಂಟು ಬಿತ್ತಾರಾ?"

ನಮ್ಮ ಮನೆಯ ವಿದ್ಯೆ ಬೇರೆ. ನೂಲಿನಲ್ಲಿ ನಂಬರು ದೊಡ್ಡದಾದಷ್ಟೂ ಎಳೆ ಸಣ್ಣ. ಇಪ್ಪತ್ತರ ನೂಲಿನಲ್ಲಿ ಎಮ್ಮೆ ಕಟ್ಟಬಹುದು, ನೂರರ ನೂಲು ಉಸಿರು ಬಿಟ್ಟರೆ ಹಾರುತ್ತದೆ. ಆದ್ದರಿಂದ ದೊಡ್ಡ ನಂಬರು ಕಂಡರೆ ನನಗೆ ಹುಟ್ಟಿನಿಂದಲೇ ಅನುಮಾನ. ಇದನ್ನು ನಾನು ಭಾವನಿಗೆ ವಿವರಿಸಿದೆ. ಇದು ಬಟ್ಟೆಯಲ್ಲ, ಕಬ್ಬಿಣ ಎಂದರು ಅವರು. ಇದು ಭತ್ತವೂ ಅಲ್ಲ ಎಂದೆ ನಾನು. ನಮ್ಮ ಜಗಳ ಶುರುವಾದದ್ದು ಹೀಗೆ. ಅಸಲಿಗೆ ಆ ನಂಬರು ಬಲವನ್ನೇ ಹೇಳುವುದು, ಎಪ್ಪತ್ತು ನಿಜವಾಗಿಯೂ ಅರವತ್ತಕ್ಕಿಂತ ಗಟ್ಟಿ ಎಂದು ನನಗೂ ಅಷ್ಟಿಷ್ಟು ಗೊತ್ತಿತ್ತು. ಆದರೆ ಅದನ್ನು ಆಗ ಒಪ್ಪಿಕೊಳ್ಳುವ ಜರೂರು ನನಗೆ ಕಾಣಲಿಲ್ಲ.

ಮರುದಿನ ಕಿಟಕಿಯ ಗ್ರಿಲ್ ಒಂದಕ್ಕೆ ಹೊಸ ಕಡ್ಡಿ ಹಾಕಿ ನೋಡೋಣ ಎಂದು ಭಾವ ಹಟ ಹಿಡಿದರು. ಹಗಲು ಹೊತ್ತಿನಲ್ಲಿ ಸುತ್ತಲಿನ ಬಾವಿಗಳ ಪಂಪ್‌ಸೆಟ್ಟುಗಳೆಲ್ಲ ಓಡಿದಾಗ ನಮ್ಮ ಶೆಡ್ಡಿನ ಕರೆಂಟು ಸೊರಗುತ್ತಿತ್ತು. ಅರವತ್ತು ಹದಿಮೂರು ಅಷ್ಟರಲ್ಲೇ ಸಂಸಾರ ಮಾಡುತ್ತಿತ್ತು. ಎಪ್ಪತ್ತು ಹದಿನೆಂಟು ಕಬ್ಬಿಣಕ್ಕೆ ತಾಗಿದ್ದೇ ತಡ, ಅಂಟಿಕೊಂಡಿತು. ಕಿತ್ತು ಮತ್ತೆ ಗೀರಿದೆ, ಮತ್ತೆ ಅಂಟಿತು. ನನ್ನ ಕೈಗುಣ ಸರಿಯಿಲ್ಲವೆಂದು ಭಾವ ತಾವೇ ಹೋಲ್ಡರ್ ಹಿಡಿದರು. ಅವರ ಕಡ್ಡಿಯೂ ಅಂಟಿತು. ಸಿಟ್ಟಿನಲ್ಲಿ ಎತ್ತಿದಾಗ ಕಡ್ಡಿಯ ಜೊತೆ ಇಡೀ ಗ್ರಿಲ್ಲೇ ಮೇಲೆ ಬಂತು. ಅದನ್ನು ಎತ್ತಿ ಹಿಡಿದುಕೊಂಡೇ ಅವರು ಗ್ರಿಲ್ಲಿನ ಯಜಮಾನನಿಗೆ, ನೋಡಿದಿರಾ, ಎಂಥಾ ಹಿಡಿತ ಎಂದು ತೋರಿಸಿದರು.

ಆಮೇಲೆ ಮಳೆಗಾಲ ಬಂತು. ಕಡ್ಡಿಗಳು ತೇವ ಕುಡಿದು ಚಟಪಟ ಸಿಡಿಯತೊಡಗಿದವು. ಬೆಸುಗೆಯ ಮೇಲೆ ತಮಿಳರ ಆಪ್ಪಂ ದೋಸೆಯಂತೆ ತೂತುಗಳು ಬಿದ್ದವು. ಇವನ್ನು ಬಿಸಿ ಪೆಟ್ಟಿಗೆಯಲ್ಲಿ ಒಂದೆರಡು ಗಂಟೆ ಬೇಯಿಸಿ ಒಣಗಿಸಬೇಕೆಂದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಿತ್ತು. ಬಿಸಿ ಪೆಟ್ಟಿಗೆ ಎಲ್ಲಿ ತರುವುದು? ಭಾವ ತಂಗಿಯ ಅಡಿಗೆಮನೆಗೆ ಹೋಗಿ ದೋಸೆ ಹಂಚು ಕೇಳಿದರು. ನನ್ನ ಹೆಂಡತಿ ಮೃದುವಾಗಿಯೇ ಹೇಳಿದಳು: "ತಗೊಂಡೋಗು ಅಣ್ಣ. ಅವತ್ತಿಂದ ನಿಮ್ಮಿಬ್ರ ದೋಸೇನ ನೀವೇ ಉಯ್ಕೊಳ್ಳಿ."

ಕೊನೆಗೆ ಬಸ್ ಸ್ಟ್ಯಾಂಡಿನ ಬೇಕರಿಯವನನ್ನು ಹಿಡಿದೆವು. ಕೇರಳದಿಂದ ಬಂದ ತಾಳ್ಮೆಯ ಮನುಷ್ಯ. ಬ್ರೆಡ್ಡು ಇಳಿಸಿದ ಮೇಲೆ ಒಲೆಯ ಗೂಡು ಕಾದಿರುತ್ತದೆ, ಆ ಬಿಸಿಯಲ್ಲಿ ಒಂದು ತಟ್ಟೆ ಕಡ್ಡಿ ಇಟ್ಟುಕೊಳ್ಳಿ ಎಂದು ಒಪ್ಪಿದ. ಕಡ್ಡಿಗಳು ಚೆನ್ನಾಗಿಯೇ ಒಣಗಿದವು. ಆದರೆ ಆರಲೆಂದು ಅವನು ಆ ತಟ್ಟೆಯನ್ನು ಬನ್ನುಗಳ ಪಕ್ಕ ಇಟ್ಟಿದ್ದ. ಅವಸರದಲ್ಲಿ ಬಂದ ಕಂಡಕ್ಟರೊಬ್ಬ ಚಹಾದ ಜೊತೆ ಇದರಲ್ಲಿ ಎರಡು ಕೊಡಿ ಎಂದು ಕೈಗೆತ್ತಿಕೊಂಡು ಕಚ್ಚಿಯೂ ನೋಡಿದನಂತೆ. ಉಪ್ಪು ಸ್ವಲ್ಪ ಜಾಸ್ತಿ, ಮೇಲಾಗಿ ಹಳೇದು ಎಂದು ವಾಪಸ್ ಇಟ್ಟು ಹೋದನೆಂದು ಬೇಕರಿಯವನು ನಮಗೆ ಹೇಳಿದ. ಅವನ ಮುಖದಲ್ಲಿ ನಗೆಯಿರಲಿಲ್ಲ. ಹಾಗಾಗಿ ನಾವು ನಂಬಿದೆವು.

ಭಾವ ಇಷ್ಟಕ್ಕೆ ನಿಲ್ಲದೆ ಶೆಡ್ಡಿನ ಮುಂದೆ ಒಂದು ಬೋರ್ಡು ಬರೆಸಿ ಹಾಕಿದರು. ಮೇಲೆ ವೆಲ್ಡಿಂಗ್ ಎಂದು ತಮಿಳಿನಲ್ಲಿ, ಕೆಳಗೆ ಆಳೆತ್ತರದಲ್ಲಿ ಎಪ್ಪತ್ತು ಹದಿನೆಂಟರ ನಾಲ್ಕು ಅಂಕಿ. ಊರಿನವರು ಅದನ್ನು ಫೋನ್ ನಂಬರೆಂದು ತಿಳಿದರು. ಎಷ್ಟು ಸಲ ಹಚ್ಚಿದರೂ ನೀವು ಫೋನ್ ಎತ್ತುವುದಿಲ್ಲ ಎಂದು ಒಬ್ಬ ಗಿರಾಕಿ ಬಂದು ಬೇಸರ ಮಾಡಿಕೊಂಡ. ಭಾವ ಅವನಿಗೆ ಅರ್ಧ ಗಂಟೆ ಕಡ್ಡಿಯ ಮಹಿಮೆ ಹೇಳಿದರು. ಅವನು ಎಲ್ಲ ಕೇಳಿ, ಹಾಗಾದರೆ ಸರಿಯಾದ ನಂಬರು ಯಾವುದು ಎಂದು ಕೇಳಿದ.

ಹೀಗೆ ಬೋರ್ಡು ಅವರದು, ಕೆಲಸ ನನ್ನದು ಎಂದಾಯಿತು. ಗ್ರಿಲ್ಲು, ಗೇಟು, ಬಕೆಟ್ಟಿನ ಹಿಡಿ, ಸೈಕಲ್ ಕ್ಯಾರಿಯರ್, ನಮಗೆ ಬರುತ್ತಿದ್ದ ಹತ್ತು ಕೆಲಸದಲ್ಲಿ ಒಂಬತ್ತಕ್ಕೆ ಅರವತ್ತು ಹದಿಮೂರೇ ಸರಿಯಾದ ಕಡ್ಡಿ. ನಾನು ಅದನ್ನೇ ಹಾಕುತ್ತಿದ್ದೆ. ಹತ್ತನೆಯ ಕೆಲಸ ಬರುವ ತನಕ ಯಾರಿಗೂ ತೊಂದರೆಯಾಗಲಿಲ್ಲ.

ಹತ್ತನೆಯದು ಏರ್ಕಾಡಿನಿಂದ ಬಂತು. ಅಲ್ಲಿಯ ಕಾಫಿ ಎಸ್ಟೇಟೊಂದರ ರೈಟರು, ಅಂದರೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವವರು, ನಮ್ಮೂರಿನ ರೈತರೊಬ್ಬರಿಂದ ಹಳೆಯ ಟ್ರಾಕ್ಟರ್ ಟ್ರೈಲರ್ ಕೊಂಡಿದ್ದರು. ಅದರ ತುಂಬ ಕುರಿಗೊಬ್ಬರ ಹೇರಿಕೊಂಡು ಬೆಟ್ಟ ಹತ್ತಿಸಬೇಕೆಂದು ಅವರ ಯೋಜನೆ. ಖಾಲಿ ಟ್ರೈಲರನ್ನು ಕಣದಿಂದ ಎಳೆಯುವಾಗಲೇ, ಅದನ್ನು ಟ್ರಾಕ್ಟರಿಗೆ ಸಿಕ್ಕಿಸುವ ದಪ್ಪ ಕಬ್ಬಿಣದ ಬಳೆ ಬುಡದಲ್ಲಿ ಬಿರುಕು ಬಿಟ್ಟಿತು. ಆ ಬಳೆ ಕಳಚಿದರೆ ಬೆಟ್ಟದ ತಿರುವಿನಲ್ಲಿ ಟ್ರಾಕ್ಟರ್ ಮೇಲಕ್ಕೆ, ಟ್ರೈಲರ್ ಕೆಳಕ್ಕೆ. ಬೋರ್ಡು ನೋಡಿ ರೈಟರು ನಮ್ಮಲ್ಲಿಗೆ ಬಂದರು. ಭಾವನಿಗೆ ಇದಕ್ಕಿಂತ ಒಳ್ಳೆಯ ದಿನ ಬಂದಿರಲಿಲ್ಲ. ಇದಕ್ಕೆಂದೇ ಒಂದು ಕಡ್ಡಿ ಇಟ್ಟಿದ್ದೇವೆ ಎಂದು ಮಾತು ಕೊಟ್ಟು, ಬೇಕರಿಯಿಂದ ಬಿಸಿಬಿಸಿ ಕಡ್ಡಿ ತಂದು ನನ್ನ ಮುಂದಿಟ್ಟು, ಹೊಲದಲ್ಲಿ ಆಳುಗಳು ಕಾಯುತ್ತಿದ್ದಾರೆಂದು ಹೋದರು. ಇದಕ್ಕೆ ಎಪ್ಪತ್ತು ಹದಿನೆಂಟೇ ಬೇಕು ಎನ್ನುವುದರಲ್ಲಿ ನನಗೂ ಅನುಮಾನವಿರಲಿಲ್ಲ.

ಆದರೆ ಹೊತ್ತು ಹತ್ತಾಗಿತ್ತು. ಪಂಪ್‌ಸೆಟ್ಟುಗಳೆಲ್ಲ ಓಡುತ್ತಿದ್ದವು. ಕಡ್ಡಿ ಗೀರಿದೆ, ಅಂಟಿತು. ಕಿತ್ತು ತುದಿ ಉಜ್ಜಿ ಗೀರಿದೆ, ಎರಡು ಅಂಗುಲ ಉರಿದು ಆರಿತು. ಇನ್ನೊಂದು ಕಡ್ಡಿ, ಅದೂ ಅಂಟಿತು. ರೈಟರು ಬೆಂಚಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದರು. ಟ್ರಾಕ್ಟರಿನ ಡ್ರೈವರು ಬೇವಿನ ನೆರಳಲ್ಲಿ ಬೀಡಿ ಸೇದುತ್ತ ಕೂತಿದ್ದ. ಮೆಟ್ಟೂರು ಕಡೆಯಿಂದ ಬಂದ, ಅರವತ್ತು ದಾಟಿದ ಮನುಷ್ಯ. ಸಂಜೆ ಕರೆಂಟು ಸರಿಯಾದ ಮೇಲೆ ಮಾಡಿಕೊಡುತ್ತೇನೆ ಎಂದು ನಾನು ಹೇಳಬೇಕಿತ್ತು. ಗೊಬ್ಬರ ಹೇರುವ ಆಳುಗಳು ಮಧ್ಯಾಹ್ನಕ್ಕೇ ಬರುತ್ತಾರೆ ಎಂದು ರೈಟರು ಎರಡನೆಯ ಸಲ ಹೇಳಿದಾಗ, ನಾನು ಬೆನ್ನು ತಿರುಗಿಸಿ ಅರವತ್ತು ಹದಿಮೂರರ ಕಟ್ಟು ಬಿಚ್ಚಿದೆ. ಎರಡೂ ಒಂದೇ ಬಣ್ಣ. ಯಾರಿಗೂ ಗೊತ್ತಾಗಲಿಲ್ಲ, ಅಥವಾ ಹಾಗೆಂದು ನಾನು ತಿಳಿದೆ. ಒಂದರ ಮೇಲೊಂದು ನಾಲ್ಕು ಸಾಲು ಹಾಕಿದೆ. ಕಿಟ್ಟ ಕೆರೆದು ನೋಡಿದರೆ ಬೆಸುಗೆ ಸೀರೆಯ ಅಂಚಿನಷ್ಟು ಅಂದವಾಗಿತ್ತು.

ಭಾವ ವಾಪಸ್ ಬಂದು ಅದರ ಮೇಲೆ ಬೆರಳಾಡಿಸಿ, ಎಪ್ಪತ್ತು ಹದಿನೆಂಟು ಎಂದರೆ ಇದು ಎಂದು ರೈಟರಿಗೆ ತೋರಿಸಿದರು. ರೈಟರು ತಲೆದೂಗಿದರು. ನಾನು ಹೋಲ್ಡರಿನ ವಯರು ಸುತ್ತುತ್ತಿದ್ದೆ. ಅದು ಸುತ್ತಿಯಾಗಿತ್ತು, ಬಿಚ್ಚಿ ಮತ್ತೆ ಸುತ್ತಿದೆ.

ಮರುದಿನ ಬೆಳಿಗ್ಗೆ ಹೊರಡುವುದೆಂದು ತೀರ್ಮಾನವಾಗಿತ್ತು. ಸಂಜೆ ರಾಗಿಮುದ್ದೆಯನ್ನು ತಿನ್ನದೆ ತಟ್ಟೆಯಲ್ಲೇ ಕಿವುಚುತ್ತ ಕೂತೆ. ಹೆಂಡತಿ ಕೇಳಿದಳು, ಹೇಳಿದೆ. ಅವಳು ಸಾರಿನ ಸೌಟು ಹಿಡಿದೇ ನನ್ನೆದುರು ಕೂತಳು. ಅದು ಖಂಡಿತ ಮುರಿಯುತ್ತದೆಯೋ ಎಂದು ಕೇಳಿದಳು. ಖಂಡಿತ ಮುರಿಯುವುದಿಲ್ಲ ಎಂದು ಹೇಳಲಾರೆ, ಮುರಿದೇ ಮುರಿಯುತ್ತದೆ ಎಂದೂ ಹೇಳಲಾರೆ ಎಂದೆ.

"ಅಂಗಾರೆ ನೀವೂ ಜೊತೇಲಿ ಓಗ್ರಿ. ಅಲ್ಲಿ ಓಗಿ ನಿಜ ಏಳ್ರಿ. ಇಲ್ಲಿ ಕೂತ್ಕಂಡು ಮುದ್ದೆ ಮೇಲ್ಯಾಕೆ ಕ್ವಾಪ?"

ಬೆಳಿಗ್ಗೆ ಒಂದು ಚೀಲದಲ್ಲಿ ಎರಡೂ ಬಗೆಯ ಕಡ್ಡಿ, ಸುತ್ತಿಗೆ, ಕಪ್ಪು ಗಾಜಿನ ಮುಖವಾಡ ಹಾಕಿಕೊಂಡು, ಮದುವೆಗೆ ಹೊಲಿಸಿದ ಬಿಳಿ ಅಂಗಿ ತೊಟ್ಟು ಕಣಕ್ಕೆ ಹೋದೆ. ಎಸ್ಟೇಟು ಎಂದರೆ ದೊಡ್ಡವರ ಜಾಗ ಎಂದು ಆ ಅಂಗಿ. ಭಾರದ ಕೆಲಸ ಮಾಡಿಕೊಟ್ಟರೆ ನಮ್ಮ ಅಂಗಡಿಯಿಂದ ಒಬ್ಬ ಜೊತೆಗೆ ಹೋಗುವುದು ವಾಡಿಕೆ ಎಂದು ರೈಟರಿಗೆ ಹೇಳಿದೆ. ಅಂಥ ವಾಡಿಕೆಯನ್ನು ಭಾವ ಅವತ್ತೇ ಮೊದಲ ಸಲ ಕೇಳಿದ್ದು. ಒಂದು ಗಳಿಗೆ ನನ್ನನ್ನು ನೋಡಿ, ಹೌದು ಸಾರ್, ಮೊದಲಿನಿಂದಲೂ ಹಾಗೆಯೇ ಎಂದರು. ರೈಟರು ಬಹಳ ಮೆಚ್ಚಿಕೊಂಡು, ತಾವು ಬಸ್ಸಿನಲ್ಲಿ ಮುಂದೆ ಹೋದರು. ನಾನು ಗೊಬ್ಬರದ ಮೇಲೆ ಹತ್ತಿದೆ.

ಬೆಸುಗೆ ಕಣ್ಣಿಗೆ ಬೀಳುವ ಜಾಗ ಒಂದೇ ಇತ್ತು. ಹೇರಿನ ಮುಂದಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಕತ್ತು ಬಗ್ಗಿಸಿ ಕೆಳಗೆ ನೋಡಬೇಕು. ಕುರಿಗೊಬ್ಬರ ಒಳಗಿನಿಂದ ಬೆಚ್ಚಗಿತ್ತು. ಮಂಜವಾಡಿ ಕಣಿವೆ ದಾಟುವಷ್ಟರಲ್ಲಿ ಅಂಗಿಯ ಬಣ್ಣ ಬದಲಾಗಿತ್ತು. ಸೇಲಂ ದಾಟುವಷ್ಟರಲ್ಲಿ ನನಗೇ ವಾಸನೆ ಬರುವುದು ನಿಂತಿತ್ತು. ಡ್ರೈವರು ಒಂದು ಮಾತೂ ಆಡಲಿಲ್ಲ. ಗಾಡಿಯನ್ನು ಮಾತ್ರ ಬಸುರಿಯನ್ನು ಕರೆದೊಯ್ಯುವ ಹಾಗೆ ನಿಧಾನವಾಗಿ ಓಡಿಸುತ್ತಿದ್ದ.

ಏರ್ಕಾಡಿನ ಘಾಟಿ ಶುರುವಾಯಿತು. ಪ್ರತಿ ತಿರುವಿನಲ್ಲೂ ಬಳೆ ಕಿರ್ ಎನ್ನುತ್ತಿತ್ತು, ಪ್ರತಿ ಸಲವೂ ನಾನು ಕತ್ತು ಬಗ್ಗಿಸಿ ಬೆಸುಗೆ ನೋಡುತ್ತಿದ್ದೆ. ಎಂಟನೆಯದೋ ಒಂಬತ್ತನೆಯದೋ ತಿರುವು. ಟ್ರಾಕ್ಟರ್ ಒಂದೇ ಸಲಕ್ಕೆ ತಿರುಗಲಾರದೆ ಹಿಂದೆ ಮುಂದೆ ಆಡುತ್ತಿದ್ದಾಗ ಕೆಳಗಿನಿಂದ ಒಂದು ಬಸ್ಸು ಬಂದು ನಮ್ಮ ಹಿಂದೆಯೇ ನಿಂತಿತು. ಅದೇ ಹೊತ್ತಿಗೆ ಫಟ್ ಎಂದು ಭಾರಿ ಸದ್ದಾಯಿತು. ನಾನು ಬಾಯಿಬಿಟ್ಟು ಏನು ಕೂಗಿದೆನೋ ಗೊತ್ತಿಲ್ಲ. ಡ್ರೈವರು ಬ್ರೇಕ್ ಒತ್ತಿದ. ನಾನು ಧುಮುಕಿ ಚಕ್ರಕ್ಕೆ ಕಲ್ಲು ಕೊಟ್ಟು ಬೆಸುಗೆ ನೋಡಿದೆ. ಕೂದಲೆಳೆಯ ಬಿರುಕೂ ಇರಲಿಲ್ಲ. ಮುರಿದದ್ದು ಟ್ರೈಲರಿನ ಹಿಂದಿನ ಹಲಗೆಯ ಕೀಲು. ತುಕ್ಕು ತಿಂದ ಹಳೆಯ ಕೀಲು, ನಾನು ಮುಟ್ಟಿಯೂ ಇರಲಿಲ್ಲ. ಹಲಗೆ ಜೋತುಬಿದ್ದು, ಅರ್ಧ ಗೊಬ್ಬರ ಬಸ್ಸಿನ ಮುಂದಿನ ಚಕ್ರದ ತನಕ ಹರಡಿಕೊಂಡಿತ್ತು.

ಬಸ್ಸಿನ ಜನ ಇಳಿದರು. ನನಗೆ ಆದ ಸಂತೋಷ ಎಷ್ಟೆಂದರೆ, ನಾನು ನಗುತ್ತಲೇ ಸಲಿಕೆ ಹಿಡಿದು ಗೊಬ್ಬರ ಎತ್ತಿ ಹಾಕತೊಡಗಿದೆ. ಆಗ ಬಸ್ಸಿನ ಕಿಟಕಿಯಿಂದ ಪರಿಚಯದ ದನಿ ಕೇಳಿತು.

"ಯಾರ್ಲಾ ಅದು? ನಮ್ಮ ಉಡುಗ ಅಲ್ವಾ?"

ನಮ್ಮ ದೊಡ್ಡಮ್ಮ. ಸಂಬಂಧಿಕರ ಜೊತೆ ಏರ್ಕಾಡಿನ ಕೆರೆ ನೋಡಲು ಹೊರಟಿದ್ದಳು. ಕಿಟಕಿಯ ಕಂಬಿಗೆ ಮುಖ ಒತ್ತಿಕೊಂಡು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನನ್ನ ಮದುವೆಯ ಅಂಗಿಯ ಬಟ್ಟೆಯನ್ನು ಆರಿಸಿದ್ದು ಅವಳೇ. ನಾನು ಗೊಬ್ಬರದ ಕೆಲಸಕ್ಕೆ ಬಂದವನಲ್ಲ, ಬೆಸುಗೆ ನೋಡಿಕೊಳ್ಳಲು ಬಂದವನು ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು ಬಸ್ಸಿನೊಳಗೆ ತಿರುಗಿ, ಇವನು ನಮ್ಮವನೇ, ಮಗ್ಗದಲ್ಲಿ ಕೂತರೆ ಕಾಲು ನೋಯುತ್ತದೆ ಎಂದು ಬಿಟ್ಟು ಹೋದವನು ಎಂದು ತಮಿಳಿನಲ್ಲಿ ಎಲ್ಲರಿಗೂ ತಿಳಿಸಿದಳು. ಜನ ನನ್ನ ಕಾಲುಗಳನ್ನು ನೋಡಿದರು. ಅವು ಮೊಣಕಾಲಿನ ತನಕ ಗೊಬ್ಬರದಲ್ಲಿದ್ದವು.

ಕಂಡಕ್ಟರು ಬಸ್ಸಿನ ಮೇಲಿಂದ ಹಗ್ಗ ಬಿಚ್ಚಿ ಕೊಟ್ಟ. ಹಲಗೆಯನ್ನು ಎತ್ತಿ ನಿಲ್ಲಿಸಿ, ನಮ್ಮ ಮನೆಯಲ್ಲಿ ಎಳೆ ಹರಿದರೆ ಹಾಕುವ ಗಂಟು ಹಾಕಿದೆ. ದೊಡ್ಡಮ್ಮ ಅದನ್ನು ಮಾತ್ರ ಗಮನವಿಟ್ಟು ನೋಡಿದಳು. ಬಸ್ಸು ಹೊರಡುವಾಗ ಬಾಳೆಲೆಯಲ್ಲಿ ಸುತ್ತಿದ ಎರಡು ಇಡ್ಲಿಯನ್ನು ಕಿಟಕಿಯಿಂದ ಚಾಚಿದಳು. ನನ್ನ ಕೈ ನೋಡಿ, ಇಡ್ಲಿಯನ್ನು ಡ್ರೈವರಿನ ಕೈಗೆ ಕೊಟ್ಟಳು.

ಎಸ್ಟೇಟ್ ಸೇರಿದಾಗ ಮಧ್ಯಾಹ್ನ ಇಳಿದಿತ್ತು. ರೈಟರ ಕೋಣೆಯ ಮೆಟ್ಟಿಲ ಕೆಳಗೇ ನಿಂತು, ನಾನು ಹಾಕಿದ್ದು ಬೇರೆ ಕಡ್ಡಿ ಎಂದು ಹೇಳಿದೆ. ಭಾವನಿಗೂ ಅದು ಗೊತ್ತಿಲ್ಲ, ಗಾಡಿ ಇಲ್ಲಿಯ ತನಕ ಬಂದದ್ದು ನಿಜ, ಆದರೆ ಇದನ್ನು ಮತ್ತೆ ಮಾಡಿಕೊಡಲೇಬೇಕು ಎಂದೆ. ರೈಟರಿಗೆ ಕಡ್ಡಿಗಳ ಮರ್ಮ ತಿಳಿಯದು. ಅವರು ಗಾಬರಿಯಿಂದ ಡ್ರೈವರನ್ನು ಕರೆಸಿ, ಇವನೇನೋ ಹೇಳುತ್ತಿದ್ದಾನೆ, ನಿನಗೇನಾದರೂ ಅರ್ಥವಾಗುತ್ತದೆಯೇ ಎಂದು ಕೇಳಿದರು.

ಡ್ರೈವರು ಆ ದಿನ ಮೊದಲ ಸಲ ಬಾಯಿ ತೆರೆದ.

"ನಂಗೆ ನೆನ್ನೇನೆ ಗೊತ್ತು ತಂಬಿ. ಮೆಟ್ಟೂರಾಗೆ ವಯಸ್ಸಿನಾಗೆ ನಾನೂ ಈ ಕಡ್ಡಿ ಇಡಿದೋನೆ. ಸದ್ದೇ ಬ್ಯಾರೆ. ನೀನು ಬೆನ್ನು ತಿರುಗಿಸ್ದಲ್ಲ, ಆಗ ಅಂದ್ಕಂಡೆ."

ಗೊತ್ತಿದ್ದೂ ಯಾಕೆ ಹೊರಟೆ ಎಂದು ಕೇಳಿದೆ. ಅದಕ್ಕೇ ನಿಧಾನ ಓಡಿಸಿದ್ದು ಎಂದ. ಆಮೇಲೆ ಇನ್ನೊಂದು ವಿಷಯ ಹೇಳಿದ. ಆ ಟ್ರೈಲರನ್ನು ಎಷ್ಟೋ ವರ್ಷದಿಂದ ಎಳೆಯುತ್ತಿದ್ದವನು ಅವನೇ. ಹಿಂದೆ ಒಮ್ಮೆ ಇದೇ ಬಳೆಯನ್ನು ಮಾಮೂಲಿ ಕಡ್ಡಿಯಲ್ಲೇ ಬೆಸೆದು ಬಹಳ ಕಾಲ ಓಡಿಸಿದ್ದರು. ಬಿರುಕು ಬಂದದ್ದು ಕಡ್ಡಿಯಿಂದಲ್ಲ, ಬಳೆಯ ಬುಡಕ್ಕೆ ಎರಡು ಕಡೆ ಆನಿಕೆಯ ಪಟ್ಟಿ ಇಲ್ಲದ್ದರಿಂದ ಎಂದ. ನಾನೂ ಭಾವನೂ ಅಷ್ಟು ತಿಂಗಳು ಕಡ್ಡಿಯ ಬಗ್ಗೆ ಕಿತ್ತಾಡಿದ್ದೆವೇ ಹೊರತು ಬೆಸೆಯುವ ಜಾಗವನ್ನು ಸರಿಯಾಗಿ ನೋಡಿರಲಿಲ್ಲ.

ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆಂದು ಡೀಸೆಲ್ ಜನರೇಟರ್ ಇತ್ತು. ಪಕ್ಕದ ಕೊಟ್ಟಿಗೆಯಲ್ಲಿ ವೆಲ್ಡಿಂಗ್ ಮಿಷನ್ನೂ ಇತ್ತು. ನನ್ನ ಬೆಸುಗೆಯನ್ನು ನಾನೇ ಉಜ್ಜಿ ತೆಗೆದು, ಎರಡು ಕಡೆ ಪಟ್ಟಿ ಕತ್ತರಿಸಿ ಕೂರಿಸಿ, ಎಪ್ಪತ್ತು ಹದಿನೆಂಟನ್ನು ಗೀರಿದೆ. ಗಟ್ಟಿ ಕರೆಂಟಿನಲ್ಲಿ, ಒಣಗಿದ ಆ ಕಡ್ಡಿ ಹೇಗೆ ಹರಿಯುತ್ತದೆ ಎಂದು ನಾನು ನೋಡಿದ್ದು ಅಂದೇ. ಸದ್ದಿಲ್ಲ, ಸಿಡಿತವಿಲ್ಲ, ಕಾದ ಎಣ್ಣೆಯಲ್ಲಿ ಬೋಂಡ ಬೇಯುವಂಥ ಒಂದು ಮೆಲುದನಿ, ಅಷ್ಟೆ. ಕಿಟ್ಟ ತಾನೇ ಸುರುಳಿಯಾಗಿ ಎದ್ದಿತು. ಸುತ್ತಿಗೆ ಬೇಕಾಗಲಿಲ್ಲ. ಡ್ರೈವರು ಬಗ್ಗಿ ನೋಡಿ ತಲೆಯಾಡಿಸಿ ಇನ್ನೊಂದು ಬೀಡಿ ಹಚ್ಚಿದ. ನನಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಊರಿಗೆ ಹೋಗಿ ಭಾವನಿಗೆ, ನಿಮ್ಮ ಮಾತು ನಿಜ ಎಂದು ಹೇಳಬೇಕಲ್ಲ.

ಹೇಳಿದೆ. ಅವರು ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರು ಕುಣಿಯಲಿಲ್ಲ. ಅವರಿಗೆ ಕೇಳಿಸಿದ್ದು ಕಥೆಯ ಇನ್ನೊಂದು ತುದಿ.

"ಅಂಗಾರೆ ಅವತ್ತು ನಾನು ಅವ್ರಿಗೆ ಬೆಸ್ಗೆ ತೋರ್ಸಿ ಏಳಿದ್ದು ಸುಳ್ಳು. ನೀವು ಪಕ್ಕದಾಗೇ ನಿಂತ್ಕಂಡು ಏಳಿಸಿದ್ರಿ."

ಈ ಸಲ ಬಹುವಚನಕ್ಕೆ ಅರ್ಥ ಬೇರೆಯಿತ್ತು. ಅವರು ಮಾತುಗಾರರು, ಉಬ್ಬಿಸಿ ಹೇಳುವವರು, ಆದರೆ ತಾವು ಹೇಳಿದ್ದನ್ನೆಲ್ಲ ತಾವು ನಂಬಿಯೇ ಹೇಳುತ್ತಿದ್ದರು. ಅದು ನನಗೆ ಹೊಳೆದಿರಲಿಲ್ಲ. ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಶೆಡ್ಡಿಗೆ ಬಂದು ಕಬ್ಬಿಣ ಕತ್ತರಿಸಿ, ಬಣ್ಣ ಬಳಿದು ಹೋಗುತ್ತಿದ್ದರು. ಗಿರಾಕಿ ಬಂದರೆ ನನ್ನ ಕಡೆ ಕೈ ತೋರಿಸುತ್ತಿದ್ದರು. ಮಾತಾಡುವ ಕೆಲಸ ನನ್ನ ಮೇಲೆ ಬಿತ್ತು. ಗೇಟು ಯಾವಾಗ ಆಗುತ್ತದೆ ಎಂದು ಕೇಳಿದವರಿಗೆ ನಾನು ಆದಾಗ ಆಗುತ್ತದೆ ಎನ್ನುತ್ತಿದ್ದೆ. ಆ ವಾರ ಇಬ್ಬರು ಗಿರಾಕಿಗಳು ಮೊರಪ್ಪೂರಿನ ಅಂಗಡಿಗೆ ಹೋದರು.

ಎಂಟನೆಯ ದಿನ ಬೆಳಿಗ್ಗೆ, ಪಂಪ್‌ಸೆಟ್ಟುಗಳು ಇನ್ನೂ ಶುರುವಾಗುವ ಮೊದಲು, ಅವರು ಶೆಡ್ಡಿಗೆ ಬಂದು ಮುಖವಾಡಕ್ಕೆ ಕೈ ಚಾಚಿದರು. ತಮಗೂ ವೆಲ್ಡಿಂಗ್ ಕಲಿಸಬೇಕು, ಇನ್ನು ಮುಂದೆ ತಾವು ನೋಡದ, ಮಾಡದ ಕೆಲಸದ ಬಗ್ಗೆ ಬಾಯಿಬಿಡುವುದಿಲ್ಲ ಎಂದರು. ಯಾವ ಕಡ್ಡಿಯಿಂದ ಶುರುಮಾಡೋಣ ಎಂದು ನಾನು ಮೆಲ್ಲಗೆ ಕೇಳಿದೆ.

"ಸುಲಬದ್ದೇ ಕೊಡು" ಎಂದರು, ಬೇರೆ ಕಡೆ ನೋಡುತ್ತ.

ಮೊದಲ ದಿನದ ಅವರ ಬೆಸುಗೆ ಕೆಸರಿನಲ್ಲಿ ಕೋಳಿ ನಡೆದ ಹಾಗಿತ್ತು. ಎರಡನೆಯ ದಿನ ಗಾಜು ಇಳಿಸದೆ ಕಿಡಿ ನೋಡಿ, ಮರುದಿನವೆಲ್ಲ ಕಣ್ಣಿಗೆ ಆಲೂಗಡ್ಡೆ ಬಿಲ್ಲೆ ಕಟ್ಟಿಕೊಂಡು ಮಲಗಿದರು. ಆದರೂ ಬಿಡಲಿಲ್ಲ. ಒಂದೆರಡು ತಿಂಗಳಲ್ಲಿ ಅವರ ಗ್ರಿಲ್ಲುಗಳು ನನ್ನವಕ್ಕಿಂತ ನೇರವಾಗಿದ್ದವು. ದಪ್ಪ ಕಬ್ಬಿಣದ ಕೆಲಸವನ್ನು ನಾವು ಬೆಳಗಿನ ಹೊತ್ತಿಗೆ ಇಟ್ಟುಕೊಂಡೆವು. ನೇಗಿಲು, ಗಾಡಿ ಅಚ್ಚು, ಟ್ರೈಲರು ಹಿಡಿದುಕೊಂಡು ಜನ ಆಸ್ಪತ್ರೆಗೆ ಬಂದ ಹಾಗೆ ಸೂರ್ಯ ಹುಟ್ಟುವ ಮೊದಲೇ ಬಂದು ಕೂರುತ್ತಿದ್ದರು.

ಆ ವರ್ಷದ ಕೊನೆಯಲ್ಲಿ ಭಾವ ತಮ್ಮ ಮನೆಗೆ ತಾವೇ ಒಂದು ಗೇಟು ಮಾಡಿದರು. ಮೊದಲಿನಿಂದ ಕೊನೆಯ ತನಕ ಒಬ್ಬರೇ. ನನ್ನನ್ನು ಹತ್ತಿರ ಬಿಡಲಿಲ್ಲ. ಸರಳುಗಳಿಗೆ ಅರವತ್ತು ಹದಿಮೂರು, ಕೀಲುಗಳಿಗೆ ಎಪ್ಪತ್ತು ಹದಿನೆಂಟು. ನೋಡಿದವರೆಲ್ಲ ಹೊಗಳಿದರು, ನಾನೂ ಹೊಗಳಿದೆ. ನನ್ನ ಹೆಂಡತಿ ಅರಿಶಿನ ಕುಂಕುಮ ಹಚ್ಚಿ ಗೇಟನ್ನು ಒಳಕ್ಕೆ ತಳ್ಳಿದಳು. ಅದು ಅಲುಗಲಿಲ್ಲ. ಭಾವ ಮುಂದೆ ಬಂದು ಅದನ್ನು ತಮ್ಮ ಕಡೆಗೆ ಎಳೆದರು. ಗೇಟು ಸದ್ದಿಲ್ಲದೆ ರಸ್ತೆಯ ಕಡೆಗೆ ತೆರೆದುಕೊಂಡು, ಅಲ್ಲಿ ಹೋಗುತ್ತಿದ್ದ ಎಮ್ಮೆಯೊಂದಕ್ಕೆ ತಾಗಿ ನಿಂತಿತು. ಕೀಲುಗಳನ್ನು ಹಿಂದು ಮುಂದಾಗಿ ಬೆಸೆದುಬಿಟ್ಟಿದ್ದರು. ಕತ್ತರಿಸಿ ಸರಿಮಾಡೋಣವೇ ಎಂದೆ. ಎಮ್ಮೆ ದಾರಿ ಬದಲಿಸಲಿ ಎಂದರು ಭಾವ.